ತಿಕ್ಕಬಾರದಂತ್ರೀ?

ಪುಣೆಗೆ ಬಂದು 11 ವರ್ಷವಾಯಿತು. ಮಗಳು ಖೋ ಖೋ ಆಡಲು ಹೋಗುವ ಮೈದಾನದಲ್ಲಿ ಒಂದು ಸಂಜೆ, "ಏ ಹುಡುಗಿ, ಎದ್ದ ಮ್ಯಾಲ ದಿಕ್ಕ ಬದಲಸಬ್ಯಾಡ!" ಎಂಬ ಕೂಗು ಕೇಳಿ ಬೆಚ್ಚಿದೆ. ಮಕ್ಕಳಿಗೆ ಮರಾಠಿಯಲ್ಲೇ ಕಲಿಸುವ ಕೋಚ್, ಸಿಟ್ಟು ಬಂದಾಗ ಮಾತ್ರ ವಿಜಯಪುರದ ಕನ್ನಡಕ್ಕೆ ಜಾರುತ್ತಿದ್ದರು. ಹುಬ್ಬಳ್ಳಿಯವನಾದ ನನಗೆ ಅಷ್ಟು ಸಾಕಾಯಿತು, ಗೆಳೆತನವಾಯಿತು.

22 ವರ್ಷದಿಂದ ಕಲಿಸುತ್ತಿದ್ದಾರೆ. ಬೆಳಿಗ್ಗೆ ಒಂದು ಶಾಲೆಯಲ್ಲಿ ಗುತ್ತಿಗೆ ಕೆಲಸ, ಸಂಜೆ ಈ ಮೈದಾನ. ಕಂಬ ಹಿಡಿದು ಡೈವ್ ಹೊಡೆಯುವುದನ್ನು ಮೆತ್ತನೆ ಮಣ್ಣಿನ ಮೇಲೆ ವಾರಗಟ್ಟಲೆ ಮಾಡಿಸಿದ ಮೇಲೆಯೇ ಆಟಕ್ಕೆ ಬಿಡುವುದು. ಈ ವರ್ಷ ಶಾಲೆಯವರು ಜೂನ್ ಒಳಗೆ ಸರ್ಟಿಫಿಕೇಟ್ ತನ್ನಿ, ಇಲ್ಲವೇ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು.

ನಮ್ಮಲ್ಲಿ ಕೋಚ್ ಎಂದರೆ ಎನ್‌ಐಎಸ್ ಮಾಡಿದವರು. 1961ರಲ್ಲಿ ಪಟಿಯಾಲದಲ್ಲಿ ಶುರುವಾದ ಆ ಸಂಸ್ಥೆಯ ಡಿಪ್ಲೊಮಾಕ್ಕೆ ಪದವಿ ಬೇಕು. ಇವರದು ಹತ್ತನೇ ತರಗತಿ. ಪದವಿಯಿದ್ದರೂ ಅಷ್ಟು ತಿಂಗಳು ಹಾಸ್ಟೆಲಿನಲ್ಲಿ ಕೂತರೆ ಮನೆ ನಡೆಯುವುದು ಹೇಗೆ? ಇನ್ನೊಂದು ದಾರಿ ಕೌಶಲ ಪ್ರಮಾಣಪತ್ರದ್ದು. 2013ರಲ್ಲಿ ಬಂದ ರಾಷ್ಟ್ರೀಯ ಕೌಶಲ ಚೌಕಟ್ಟಿನಲ್ಲಿ ಕಸುಬುಗಳನ್ನು ಹಂತ ಹಂತವಾಗಿ ವಿಂಗಡಿಸಿದ್ದಾರೆ. ಮೊದಲೇ ಕಲಿತವರನ್ನು ಪರೀಕ್ಷಿಸಿ ಮಾನ್ಯತೆ ಕೊಡುವ ಪದ್ಧತಿಯೂ ಇದೆ. ಹುಡುಕಿಕೊಟ್ಟವನು ನಾನು. ಕಂಪನಿಯಲ್ಲಿ ನನ್ನ ಹೆಸರಿಗೆ ವರ್ಷಕ್ಕೆರಡು ಸರ್ಟಿಫಿಕೇಟ್ ಜಮೆಯಾಗುತ್ತವೆ, ಅರ್ಧದಷ್ಟನ್ನು ವಿಡಿಯೊ ಮ್ಯೂಟ್ ಮಾಡಿಯೇ ಗಳಿಸಿದ್ದೇನೆ. ಹಾಗಾಗಿ ಇದೂ ಒಂದು ಕಾಗದ, ಮುಗಿಸಿಬಿಡೋಣ ಎಂದುಕೊಂಡಿದ್ದೆ.

ಓದಲು ಸಿಕ್ಕಿದ್ದೆಲ್ಲ ಇಂಗ್ಲಿಷಿನಲ್ಲಿತ್ತು. ಚಹಾದಂಗಡಿಯಲ್ಲಿ ಕೂತು ನಾನು ಕನ್ನಡದಲ್ಲಿ ಹೇಳುವುದು, ಅವರು ಕೇಳುವುದು. ವಾರ್ಮ್ ಅಪ್, ಅಭ್ಯಾಸದ ಯೋಜನೆ ಇವನ್ನೆಲ್ಲ ನಾನು ಮುಗಿಸುವ ಮೊದಲೇ ಅವರೇ ಹೇಳುತ್ತಿದ್ದರು. ಪ್ರಥಮ ಚಿಕಿತ್ಸೆಯ ಪಾಠ ಬಂತು. ಕಾಲು ಉಳುಕಿದರೆ ಐಸ್ ಇಡಿ, ಪಟ್ಟಿ ಕಟ್ಟಿ, ಕಾಲು ಎತ್ತರಕ್ಕಿಡಿ, ತಿಕ್ಕಬೇಡಿ.

"ತಿಕ್ಕಬಾರದಂತ್ರೀ?"

"ಮೊದಲ ಎರಡು ದಿನ ಬ್ಯಾಡಂತ."

ಗ್ಲಾಸು ಕೆಳಗಿಟ್ಟರು. "ಎಷ್ಟ ಹುಡುಗರ ಕಾಲ ತಿಕ್ಕೀನಿ ಸರ. ಎಣ್ಣಿ ಬಿಸಿ ಮಾಡಿ, ಪ್ರೀತೀಲೆ ತಿಕ್ಕೀನಿ."

ನನಗೆ ಮಾತು ಹೊರಡಲಿಲ್ಲ. ಎಂಟನೇ ತರಗತಿಯಲ್ಲಿ ಮೊಣಕಾಲು ತಿರುಚಿಕೊಂಡಾಗ ನಮ್ಮ ಪಿಟಿ ಮಾಸ್ತರರು, "ಗಂಡಸಲ್ಲೇನಲೇ, ಓಡು" ಎಂದು ಇನ್ನೆರಡು ಸುತ್ತು ಓಡಿಸಿದ್ದರು. ಇವತ್ತಿಗೂ ಮೆಟ್ಟಿಲಿಳಿಯುವಾಗ ಅವರನ್ನು ಬೈದುಕೊಳ್ಳುತ್ತೇನೆ. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲವೇನೋ ಎಂದು ಅಂದೇ ಮೊದಲ ಸಲ ಅನ್ನಿಸಿತು.

ಹಾಗೆಂದು ಆ ಪಾಠಗಳನ್ನು ಪೂರ್ತಿ ಒಪ್ಪಿದೆನೆಂದಲ್ಲ. ಯಾವ ಮಗು ಹಸಿದು ಬಂದಿದೆ ಎಂದು ಇವರು ಮುಖ ನೋಡಿ ಹೇಳುತ್ತಾರೆ; ಚೀಲದಲ್ಲಿ ಸದಾ ಬಾಳೆಹಣ್ಣು. ನಾಲ್ಕರಲ್ಲೊಂದು ಉತ್ತರಕ್ಕೆ ಗುರುತು ಹಾಕುವ ಪ್ರಶ್ನೆಯಲ್ಲಿ ಅದು ಎಲ್ಲಿ ಬರುತ್ತದೆ? ಪರೀಕ್ಷಿಸುವವರು ಒಂದು ವಾರ ಮೈದಾನದ ಧೂಳಿನಲ್ಲಿ ಕೂರಬೇಕು, ಕೋಚ್ ಮಾತಾಡುವ ಭಾಷೆಯಲ್ಲೇ ಕೇಳಬೇಕು ಎಂಬುದು ನನ್ನ ಹಟ. ಆದರೆ "ಅನುಭವವಿದೆ, ಕಾಗದ ಯಾಕೆ" ಎನ್ನಲು ಈಗ ನನಗೆ ಬಾಯಿ ಬರುವುದಿಲ್ಲ.

ಪರೀಕ್ಷೆ ಮುಂದಿನ ತಿಂಗಳು. ಕಳೆದ ಭಾನುವಾರ ಹುಡುಗನೊಬ್ಬ ತಿರುಗುವಾಗ ಕಾಲು ಉಳುಕಿಸಿಕೊಂಡು ಕುಸಿದ. ಕೋಚ್ ಕೈ ಚೀಲದೊಳಗಿನ ಎಣ್ಣೆ ಬಾಟಲಿಗೆ ಹೋಯಿತು, ಅಲ್ಲೇ ನಿಂತಿತು. "ಐಸ್ ತಗೊಂಬಾರವ್ವಾ" ಎಂದರು. ಕಬ್ಬಿನ ಹಾಲಿನ ಗಾಡಿಯತ್ತ ನನ್ನ ಮಗಳು ಓಡಿದಳು.