ತಾರಸಿಯ ಕಾಯಿಪಲ್ಲೆಯೂ ನೀರಿನ ವಿವೇಕವೂ

ಬೆಂಗಳೂರು ತಂಪಿನ ಊರೆಂಬ ಮಾತನ್ನು ಬೇಸಗೆಯಲ್ಲಿ ನಂಬುವುದು ಈಗ ಕಷ್ಟ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ನಗರವು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಕಂಡಿತು. ಮನೆಗೆ ಮನೆ ಅಂಟಿಕೊಂಡಿರುವ ನಮ್ಮ ಕಮ್ಮನಹಳ್ಳಿಯಲ್ಲಿ ಹಿತ್ತಲೆಂಬುದು ಅಪರೂಪ. ಇರುವುದು ಕಾದ ಕಾವಲಿಯಂತಹ ತಾರಸಿ. ಅಲ್ಲಿಯೂ ಕಾಯಿಪಲ್ಲೆ ಬೆಳೆಯಬಹುದೆಂಬುದು ನಮ್ಮ ಅನುಭವ. ಬೆಂಗಳೂರಿನ ಗೃಹಸ್ಥರಿಗೆ ತಾರಸಿ ತೋಟದ ರುಚಿ ಹತ್ತಿಸಿದವರಲ್ಲಿ ಡಾ. ಬಿ. ಎನ್. ವಿಶ್ವನಾಥ್ ಅವರು ಪ್ರಮುಖರು.

ಮಠದಲ್ಲಿ ಓದುತ್ತಿದ್ದಾಗ ಪಾಠದಂತೆಯೇ ತೋಟದ ದುಡಿಮೆಯೂ ನಮಗೆ ಕಟ್ಟಳೆಯಾಗಿತ್ತು. ಬೀಜಕ್ಕಿಂತ ಮೊದಲು ಕಾಲವನ್ನು ನೋಡಬೇಕೆಂಬುದನ್ನು ನಾವು ಕಲಿತದ್ದು ಅಲ್ಲಿ. ಬೇಸಗೆಯಲ್ಲಿ ಟೊಮೇಟೊ ಗಿಡ ಸೊಂಪಾಗಿ ಬೆಳೆದು ಹೂ ಬಿಟ್ಟರೂ ಹಲವೊಮ್ಮೆ ಕಾಯಿ ಕಚ್ಚುವುದಿಲ್ಲ. ಹಗಲು ಬಿಸಿಲೇರಿ ಇರುಳೂ ತಂಪಾಗದಿದ್ದರೆ ಪರಾಗ ಸೊರಗಿ ಹೂ ಉದುರುತ್ತದೆ. ಗೊಬ್ಬರ ಹೆಚ್ಚಿಸಿ ಫಲವಿಲ್ಲ. ಆ ತಿಂಗಳುಗಳಿಗೆ ಬೆಂಡೆ, ಅಲಸಂದೆ, ಗೋರಿಕಾಯಿ, ಹೀರೆ, ದಂಟು, ಬಸಳೆಗಳೇ ತಕ್ಕವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ಬೆಂಡೆಯು ಹಳದಿ ನಂಜುರೋಗವನ್ನು ತಾಳಿಕೊಳ್ಳಲೆಂದೇ ರೂಪಿಸಿದ ತಳಿ. ಮೂಲಂಗಿ, ಕೋಸು, ಕೊತ್ತಂಬರಿಗಳನ್ನು ಚಳಿಗಾಲಕ್ಕೆ ಬಿಡುವುದು ಲೇಸು.

ಕೆಮ್ಮಣ್ಣು, ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ, ಇವನ್ನು ಸಮಪಾಲು ಬೆರೆಸಿದರೆ ಕುಂಡ ಹಗುರಾಗಿದ್ದು ತೇವವೂ ನಿಲ್ಲುತ್ತದೆ. ಸೊಪ್ಪಿಗೆ ಅರ್ಧ ಅಡಿ ಆಳ ಸಾಕು. ಬೆಂಡೆ, ಬದನೆಗಳಿಗೆ ಒಂದಡಿಯಾದರೂ ಬೇಕು. ಬಿಸಿಲಿನಲ್ಲಿ ಮೊದಲು ಬೇಯುವುದು ಕುಂಡದ ಮಗ್ಗುಲಿನ ಬೇರು. ಆದುದರಿಂದ ಕುಂಡಗಳನ್ನು ಒತ್ತಾಗಿ ಜೋಡಿಸಿ, ಮಣ್ಣಿನ ಮೇಲೆ ಎರಡಂಗುಲ ತರಗೆಲೆ ಹೊದಿಸಿ, ಮಧ್ಯಾಹ್ನದ ಬಿಸಿಲನ್ನು ಅರ್ಧದಷ್ಟು ತಡೆಯುವ ನೆರಳು ಬಲೆ ಕಟ್ಟಬೇಕು. ನೀರೆರೆಯಲು ಮುಂಜಾವವೇ ಪ್ರಶಸ್ತ.

ಆದರೆ ಆ ನೀರು ಎಲ್ಲಿಯದು? 2024ರ ಬೇಸಗೆಯಲ್ಲಿ ಈ ಪ್ರಶ್ನೆ ಮನೆಬಾಗಿಲಿಗೇ ಬಂದಿತು. ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಕೈತೋಟಕ್ಕೆ ಕುಡಿಯುವ ನೀರನ್ನು ಬಳಸಕೂಡದೆಂದು ಜಲಮಂಡಳಿಯು ಮಾರ್ಚ್‌ನಲ್ಲಿ ಆಜ್ಞೆ ಹೊರಡಿಸಿ 5,000 ರೂಪಾಯಿ ದಂಡವನ್ನೂ ವಿಧಿಸಿತು. ಬೀದಿಯಲ್ಲಿ ತಾಯಂದಿರು ಟ್ಯಾಂಕರಿಗಾಗಿ ಕೊಡ ಹಿಡಿದು ಕಾಯುತ್ತಿರುವಾಗ ನಮ್ಮ ಬೆಂಡೆಗಿಡ ನಳನಳಿಸುವುದು ಯಾವ ಧರ್ಮ? ತೋಟವನ್ನೇ ಮುಚ್ಚಿಬಿಡೋಣವೆಂದು ನಾವು ಹೇಳಿದೆವು. ಸೊಸೆ ಒಪ್ಪಲಿಲ್ಲ. “ಮಾವನವರೇ, ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಎಷ್ಟು ಗಿಡಕ್ಕೆ ಸಾಲುತ್ತದೆಯೋ ಅಷ್ಟನ್ನೇ ಉಳಿಸೋಣ” ಎಂದಳು. ಅಳೆದು ನೋಡಿದಾಗ ಮೂವತ್ತು ಕುಂಡಗಳಲ್ಲಿ ಹನ್ನೊಂದಕ್ಕೆ ಸಾಲುವಷ್ಟಾಯಿತು. ಅಲಸಂದೆ, ದಂಟು, ಬಸಳೆ, ಕರಿಬೇವು ಉಳಿದವು. ಮಿಕ್ಕ ಕುಂಡಗಳ ಮಣ್ಣನ್ನು ತರಗೆಲೆ ಹೊದಿಸಿ ಮಳೆಗಾಲದವರೆಗೆ ಮಲಗಿಸಿದೆವು. ಜೂನ್‌ನಲ್ಲಿ ಆ ಮಣ್ಣು ಮತ್ತೆ ಬಿತ್ತನೆಗೆ ಸಿದ್ಧವಾಗಿತ್ತು.

ಅಂದಿನಿಂದ ಕುಂಡಗಳ ಸಂಖ್ಯೆಯನ್ನು ನಿರ್ಧರಿಸುವುದು ನಮ್ಮ ಆಸೆಯಲ್ಲ, ಅಡುಗೆಮನೆಯ ಬಕೆಟ್ಟು. ಉಪ್ಪು, ಸಾಬೂನು ಸೋಕಿದ ನೀರನ್ನು ಮಾತ್ರ ಗಿಡಕ್ಕೆ ಹಾಕಬಾರದು. ತಾರಸಿಯ ತೋಟ ಸಂತೆಯ ಖರ್ಚನ್ನು ಪೂರ್ತಿ ತಪ್ಪಿಸದು. ವಾರಕ್ಕೆರಡು ಸಲ ಸೊಪ್ಪಿನ ಸಾರಿಗಾದೀತು, ನೆರೆಮನೆಗೊಂದು ಹಿಡಿ ಕೊಡಲಾದೀತು. ದುಡಿಮೆ ಕಾಯಕವಾಗುವುದು ಹೀಗೆ ಇನ್ನೊಬ್ಬರ ಪಾಲನ್ನು ಕಸಿಯದೆ ನಡೆದಾಗ. ಬಂಧುಗಳು ಈ ಬೇಸಗೆಯಲ್ಲಿ ಬೀಜ ಕೊಳ್ಳುವ ಮುನ್ನ ಒಂದು ವಾರ ಆ ನೀರನ್ನು ಅಳೆದು ನೋಡಲಿ.