ಇಂಜಿನ್ ಹೊತ್ತಿಕೊಳ್ಳುವ ಅರ್ಧ ನಿಮಿಷ

ಠಾಣೆ, ಕಲ್ಯಾಣ, ಡೊಂಬಿವಲಿಯ ಬಹುಪಾಲು ಜನ ಹೆಲಿಕಾಪ್ಟರನ್ನು ಹತ್ತಿರದಿಂದ ನೋಡುವುದು ಚುನಾವಣೆ ಬಂದಾಗ. 2024ರ ಮೇ 20ರಂದು ಠಾಣೆ, ಕಲ್ಯಾಣ, ಭಿವಂಡಿ ಮೂರೂ ಲೋಕಸಭಾ ಕ್ಷೇತ್ರಗಳಲ್ಲಿ ಮತದಾನವಿತ್ತು. ಇಂಥ ಸಮಯದಲ್ಲಿ ಯಾವುದೋ ಮೈದಾನದಲ್ಲಿ ಸುಣ್ಣದಿಂದ ದೊಡ್ಡದಾಗಿ ‘ಎಚ್’ ಬರೆಯುತ್ತಾರೆ, ಧೂಳು ಏಳಬಾರದೆಂದು ಟ್ಯಾಂಕರಿನಿಂದ ನೀರು ಹೊಡೆಯುತ್ತಾರೆ, ಬಿದಿರಿನ ಬೇಲಿಯಾಚೆ ಮಕ್ಕಳು ಮೊಬೈಲು ಎತ್ತಿ ನಿಲ್ಲುತ್ತಾರೆ. ನೀರು ಎಷ್ಟೇ ಹೊಡೆದರೂ ಮೇ ತಿಂಗಳ ಮಣ್ಣು ಏಳದೆ ಬಿಡುವುದಿಲ್ಲ. ಧೂಳು, ಸದ್ದು, ಕೈಬೀಸುವ ನಾಯಕ: ಗುಂಪು ನೋಡಲು ಬಂದದ್ದು ಇಷ್ಟನ್ನೇ. ನಾಯಕರು ಭಾಷಣಕ್ಕೆ ಹೋದ ಮೇಲೆ ಪೈಲಟ್ ಒಬ್ಬನೇ ಆ ಯಂತ್ರದ ಸುತ್ತ ಮೆಲ್ಲಗೆ ನಡೆಯುವುದನ್ನು ಯಾರೂ ನೋಡುವುದಿಲ್ಲ. ನೋಡಿದರೂ ಹೊತ್ತು ಕಳೆಯುತ್ತಿದ್ದಾನೆ ಎಂದುಕೊಳ್ಳುತ್ತಾರೆ.

ಆ ನಡಿಗೆಗೊಂದು ಕ್ರಮವಿದೆ. ಬೆಲ್ ಕಂಪನಿಯ 206 ಜೆಟ್‌ರೇಂಜರ್ ಅನ್ನೇ ತೆಗೆದುಕೊಳ್ಳಿ. ಪೈಲಟ್ ಸೇರಿ ಐದು ಜನ ಕೂರಬಹುದಾದ, ಒಂದೇ ಟರ್ಬೈನ್ ಇಂಜಿನ್ನಿನ, ಎರಡೇ ರೆಕ್ಕೆಗಳ ಹಗುರ ಹೆಲಿಕಾಪ್ಟರ್ ಅದು. 1966ರಲ್ಲಿ ಮೊದಲ ಹಾರಾಟ ನಡೆಸಿದ ಈ ವಿನ್ಯಾಸದ ಮೇಲೆ ಜಗತ್ತಿನ ಲೆಕ್ಕವಿಲ್ಲದಷ್ಟು ಪೈಲಟ್‌ಗಳು ಟರ್ಬೈನ್ ಕಲಿತಿದ್ದಾರೆ. ಚುನಾವಣೆಗೆ ಬರುವವುಗಳಲ್ಲಿ ಎರಡು ಇಂಜಿನ್ನಿನ ದೊಡ್ಡವೂ ಇರುತ್ತವೆ. ಅವುಗಳಲ್ಲಿ ಕೆಲಸ ಹೆಚ್ಚು, ಆದರೆ ಜಾತಿ ಅದೇ.

ಮೊದಲು ಮುಸುಕು ತೆಗೆಯಬೇಕು. ಗಾಳಿ ಒಳಗೆ ಹೋಗುವ ಬಾಯಿಗೆ, ಹೊಗೆ ಹೊರಬರುವ ಕೊಳವೆಗೆ, ವೇಗ ಅಳೆಯುವ ಸಣ್ಣ ನಳಿಗೆಗೆ ಕೆಂಪು ಮುಚ್ಚಳಗಳಿರುತ್ತವೆ. ಯಂತ್ರ ಒಂದೆರಡು ದಿನ ಬಯಲಲ್ಲಿ ನಿಂತಿದ್ದರೆ ಇಂಜಿನ್ನಿನ ಬಾಯಿಯೊಳಗೆ ಟಾರ್ಚು ಬಿಟ್ಟು ನೋಡಬೇಕು. ಹಕ್ಕಿಗೆ ಗೂಡು ಕಟ್ಟಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಕೆಲಸಗಾರ ಮರೆತುಬಿಟ್ಟ ಒರೆಸುವ ಬಟ್ಟೆಯೂ ಅಲ್ಲಿರಬಹುದು. ಆಮೇಲೆ ಇಂಧನ. ಟ್ಯಾಂಕಿನ ತಳದ ಕವಾಟದಿಂದ ಸ್ವಲ್ಪವನ್ನು ಗಾಜಿನ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿಯುತ್ತಾರೆ. ನೀರು ಇಂಧನಕ್ಕಿಂತ ಭಾರ, ತಳದಲ್ಲಿ ಮುತ್ತಿನ ಹಾಗೆ ಕೂರುತ್ತದೆ. ಕೊಂಕಣದ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕು ರಾತ್ರಿಯಿಡೀ ನಿಂತರೆ ಒಳಗಿನ ಗಾಳಿಯ ತೇವವೇ ಹನಿಯಾಗುತ್ತದೆ. ಒಂದು ಹನಿ ಕಂಡರೆ ಮತ್ತೆ ಇಳಿಸಬೇಕು, ಕಾಣದಾಗುವವರೆಗೆ.

ಗೇರ್‌ಬಾಕ್ಸಿನ ಎಣ್ಣೆಯನ್ನು ಸಣ್ಣ ಗಾಜಿನ ಕಿಂಡಿಯಲ್ಲಿ ನೋಡುತ್ತಾರೆ. ಬಾಲದ ರೋಟರಿಗೆ ಶಕ್ತಿ ಒಯ್ಯುವ ಉದ್ದನೆಯ ದಂಡ, ಅದರ ಕೀಲುಗಳು, ಬಾಲದ ರೆಕ್ಕೆಗಳ ಅಂಚು, ಇವನ್ನೆಲ್ಲ ಬರೀ ಕಣ್ಣಿನಿಂದ ನೋಡಿದರೆ ಸಾಲದು. ಹಿಡಿದು ಅಲುಗಿಸಬೇಕು, ಬೆರಳಾಡಿಸಬೇಕು. ಮುಖ್ಯವಾದ ನಟ್ಟುಗಳ ಮೇಲೆ ಬಣ್ಣದ ಒಂದು ಗೆರೆ ಎಳೆದಿರುತ್ತಾರೆ, ನಟ್ಟಿನಿಂದ ಅದರ ಬುಡದವರೆಗೆ. ಗೆರೆ ಅಖಂಡವಾಗಿದ್ದರೆ ನಟ್ಟು ಕದಲಿಲ್ಲ. ಮುರಿದಿದ್ದರೆ ಅದು ತಿರುಗಿದೆ. ವಿಮಾನಶಾಸ್ತ್ರದ ಇಷ್ಟೆಲ್ಲ ಜಾಣತನದ ನಡುವೆ ಇಷ್ಟು ಅಗ್ಗದ, ಇಷ್ಟು ನಂಬಿಕೆಯ ಸಾಧನ ಇನ್ನೊಂದಿಲ್ಲ.

ಈ ನೋಟ ಶಾಸ್ತ್ರಕ್ಕೆ ಮಾಡುವಂಥದ್ದಲ್ಲ ಎಂಬುದಕ್ಕೆ ಮುಂಬಯಿಯಲ್ಲೇ ಒಂದು ಪ್ರಸಂಗವಿದೆ. 2009ರ ಏಪ್ರಿಲ್‌ನಲ್ಲಿ ಉದ್ಯಮಿ ಅನಿಲ್ ಅಂಬಾನಿಯವರ ಬೆಲ್ 412 ಹೆಲಿಕಾಪ್ಟರ್ ಹಾರಾಟಕ್ಕೆ ಸಿದ್ಧವಾಗುತ್ತಿದ್ದಾಗ, ಗೇರ್‌ಬಾಕ್ಸಿಗೆ ಎಣ್ಣೆ ಹಾಕುವ ಬಾಯಲ್ಲಿ ಕಲ್ಲು, ಮಣ್ಣು ಕಂಡವು. ಕಂಡದ್ದು ಒಬ್ಬ ತಂತ್ರಜ್ಞನಿಗೆ. ಯಾವ ಮೀಟರೂ ಅದನ್ನು ಹೇಳಿರಲಿಲ್ಲ, ಯಾವ ದೀಪವೂ ಹತ್ತಿರಲಿಲ್ಲ. ಗಾಳಿಗೇರಿದ ಮೇಲೆ ಆ ಕಲ್ಲು ಏನು ಮಾಡುತ್ತಿತ್ತೆಂದು ಊಹಿಸಲು ಇಂಜಿನಿಯರ್ ಆಗಬೇಕಿಲ್ಲ.

ಕಡೆಗೆ ರೆಕ್ಕೆಯ ಕಟ್ಟು. ನಿಂತ ಹೆಲಿಕಾಪ್ಟರಿನ ರೆಕ್ಕೆ ಗಾಳಿಗೆ ಬಡಿದಾಡದಂತೆ ಹಿಂಬದಿಯ ರೆಕ್ಕೆಯನ್ನು ಪಟ್ಟಿಯಿಂದ ಬಾಲಕ್ಕೆ ಕಟ್ಟಿರುತ್ತಾರೆ. ಅದನ್ನು ಬಿಚ್ಚದೆ ಇಂಜಿನ್ ಹೊತ್ತಿಸಿದವರಿದ್ದಾರೆ. ನಗು ಬರಬಹುದು, ಆದರೆ 1935ರ ಅಕ್ಟೋಬರಿನಲ್ಲಿ ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ ಮಾಡೆಲ್ 299 ಬಿದ್ದದ್ದೂ ಹೀಗೆಯೇ: ನಿಂತಾಗ ಬಾಲದ ಪಟಲಗಳು ಅಲುಗದಂತೆ ಹಾಕಿದ ಬೀಗವನ್ನು ನುರಿತ ಪೈಲಟ್‌ಗಳು ತೆಗೆಯಲು ಮರೆತರು. ಬರೆದಿಟ್ಟ ಪಟ್ಟಿ ಓದಿ ಹಾರುವ ಪದ್ಧತಿ ಬೇರೂರಿದ್ದು ಆ ಅಪಘಾತದ ನಂತರ. ಎಷ್ಟೋ ಪೈಲಟ್‌ಗಳು ಕಟ್ಟು ಬಿಚ್ಚಿದ ಕೂಡಲೇ ರೆಕ್ಕೆಗಳನ್ನು ಕೈಯಿಂದ ತಿರುಗಿಸಿ ಅಡ್ಡಕ್ಕೆ ನಿಲ್ಲಿಸುತ್ತಾರೆ. ಅಡ್ಡ ನಿಂತ ರೆಕ್ಕೆ ಬಾಲಕ್ಕೆ ಕಟ್ಟಿಕೊಂಡಿರಲು ಸಾಧ್ಯವಿಲ್ಲ. ಸೀಟಿನಲ್ಲಿ ಕೂತು ತಲೆ ಎತ್ತಿದರೆ ಸಾಕು, ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಬಲಗಡೆಯ ಸೀಟು. ಹೆಲಿಕಾಪ್ಟರಿನಲ್ಲಿ ಮುಖ್ಯ ಪೈಲಟ್ ಸಾಮಾನ್ಯವಾಗಿ ಕೂರುವುದು ಬಲಕ್ಕೆ.

ಅವನ ಬೆನ್ನ ಹಿಂದೆ, ಮೇಲಕ್ಕೆ, ಎಪ್ಪತ್ತು ಕಿಲೋ ಚಿಲ್ಲರೆ ತೂಕದ ಒಂದು ಇಂಜಿನ್ ಇದೆ. ಆಲಿಸನ್ 250 ಎಂದು ಹುಟ್ಟಿ ಈಗ ರೋಲ್ಸ್‌ರಾಯ್ಸ್ ಹೆಸರಿನಲ್ಲಿರುವ ಇದರ ಒಂದು ಮಾದರಿ 420 ಅಶ್ವಶಕ್ತಿ ಕೊಡುತ್ತದೆ. ಇಬ್ಬರು ಎತ್ತಿ ಮೇಜಿನ ಮೇಲಿಡಬಹುದಾದ ವಸ್ತುವಿನಿಂದ ಇಷ್ಟು ಶಕ್ತಿ ಬರುವುದು ವೇಗದಿಂದ. ಗಾಳಿಯನ್ನು ಒತ್ತುವ ಅದರ ಒಳಭಾಗ ನಿಮಿಷಕ್ಕೆ ಸುಮಾರು 51 ಸಾವಿರ ಸುತ್ತು ಸುತ್ತುತ್ತದೆ. ತಲೆಯ ಮೇಲಿನ ರೆಕ್ಕೆ ಸುತ್ತುವುದು ನಿಮಿಷಕ್ಕೆ 400ಕ್ಕಿಂತ ಸ್ವಲ್ಪ ಕಡಿಮೆ. ಇವೆರಡರ ನಡುವೆ ನೇರವಾದ ದಂಡವೂ ಇಲ್ಲ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಟ್ಟರೆ ಇನ್ನೊಂದು ತಾನಾಗಿ ತಿರುಗುತ್ತದಲ್ಲ, ಹಾಗೆ. ಮೊದಲ ಟರ್ಬೈನ್ ಇಂಜಿನ್ನನ್ನು ನಡೆಸುತ್ತದೆ. ಅದರಿಂದ ಹೊರಟ ಬಿಸಿಗಾಳಿ ಎರಡನೆಯದನ್ನು ತಿರುಗಿಸುತ್ತದೆ, ಆ ಎರಡನೆಯದು ಗೇರುಗಳ ಮೂಲಕ ರೆಕ್ಕೆಯನ್ನು.

ಕಾರಿನ ಕೀಲಿ ತಿರುಗಿಸಿದರೆ ಕಾರು ಹೊತ್ತಿಕೊಳ್ಳುತ್ತದೆ, ಹೊತ್ತಿಕೊಳ್ಳದಿದ್ದರೆ ಇಲ್ಲ. ಟರ್ಬೈನಿಗೆ ಮೂರನೆಯ ದಾರಿಯೊಂದಿದೆ: ಅದು ಹೊತ್ತಿಕೊಂಡು ತನ್ನನ್ನೇ ಸುಟ್ಟುಕೊಳ್ಳಬಹುದು. ಓಡುತ್ತಿರುವ ಟರ್ಬೈನ್ ಒಳಗೆಳೆದ ಗಾಳಿಯಲ್ಲಿ ಕಾಲು ಭಾಗದಷ್ಟು ಮಾತ್ರ ಉರಿಯಲು ಬಳಕೆಯಾಗುತ್ತದೆ. ಉಳಿದದ್ದು ಆ ಉರಿಯನ್ನು ತಣಿಸಿ, ಲೋಹ ತಡೆಯುವಷ್ಟಕ್ಕೆ ಇಳಿಸಲು. ಆದರೆ ಹೊತ್ತಿಸುವ ಗಳಿಗೆಯಲ್ಲಿ ಇಂಜಿನ್ ಇನ್ನೂ ಓಡುತ್ತಿಲ್ಲ. ಗಾಳಿ ಒಳಗೆ ಬರುತ್ತಿರುವುದು ಬ್ಯಾಟರಿಯ ಬಲದಿಂದ, ಅದೂ ಸ್ವಲ್ಪವೇ. ಗಾಳಿ ಸಾಲದಿರುವಾಗ ಇಂಧನ ಬಿಟ್ಟರೆ ಬೆಂಕಿ ಏಳುತ್ತದೆ, ತಣಿಸುವವರು ಇರುವುದಿಲ್ಲ. ಪೈಲಟ್‌ಗಳ ಮಾತಿನಲ್ಲಿ ಇದು ‘ಹಾಟ್ ಸ್ಟಾರ್ಟ್’. ಎಣಿಸುವಷ್ಟು ಸೆಕೆಂಡುಗಳಲ್ಲಿ ಟರ್ಬೈನಿನ ಅಲಗುಗಳು ಹಾಳಾಗುತ್ತವೆ, ಇಂಜಿನ್ ಬಿಚ್ಚಬೇಕಾಗುತ್ತದೆ. ಹೆಲಿಕಾಪ್ಟರ್ ನೆಲ ಬಿಟ್ಟೇ ಇರುವುದಿಲ್ಲ.

ಆದ್ದರಿಂದ ಬ್ಯಾಟರಿಯ ವೋಲ್ಟೇಜು ಮೊದಲ ಪ್ರಶ್ನೆ. ಎರಡನೆಯದು ಗಾಳಿಯ ದಿಕ್ಕು, ಹೊಗೆಕೊಳವೆಯೊಳಕ್ಕೆ ನುಗ್ಗುವ ಗಾಳಿ ಒಳ್ಳೆಯದಲ್ಲ. ಮೂರನೆಯದು ಹಿಂದಿನ ಹಾರಾಟದ ಬಿಸಿ ಇಂಜಿನ್ನಿನೊಳಗೆ ಎಷ್ಟು ಉಳಿದಿದೆ ಎಂಬುದು. ಸೂಜಿ 150 ಡಿಗ್ರಿಗಿಂತ ಮೇಲಿದ್ದರೆ ಇಂಧನ ಬಿಡದೆ ಬರೀ ಸ್ಟಾರ್ಟರ್ ತಿರುಗಿಸಿ ತಣ್ಣನೆ ಗಾಳಿ ಎಳೆಸುತ್ತಾರೆ.

ಎಡಗೈಯಲ್ಲಿ ಒಂದು ಸನ್ನೆಗೋಲು. ಅದರ ಹಿಡಿಯೇ ಥ್ರಾಟಲ್, ಮೋಟಾರ್‌ಸೈಕಲ್ಲಿನ ಹಾಗೆ ತಿರುಚುವಂಥದ್ದು. ಅದರ ತುದಿಯಲ್ಲೇ ಸ್ಟಾರ್ಟರಿನ ಗುಂಡಿ. ಒಂದು ಬೆರಳು ಗುಂಡಿಯನ್ನು ಒತ್ತುತ್ತದೆ. ಕಿಡಿಯ ಟಿಕ್ ಟಿಕ್ ಟಿಕ್, ಜೊತೆಗೆ ಮೆಲ್ಲಗೆ ಏರುವ ಸಿಳ್ಳು. ಒಳಭಾಗದ ವೇಗ ಶೇಕಡ 5, 8, 10. ಇಲ್ಲಿ ಕಾಯಬೇಕು. ಶೇಕಡ 12ರಿಂದ 15ರ ನಡುವೆ ಥ್ರಾಟಲನ್ನು ಐಡಲ್‌ವರೆಗೆ ತೆರೆಯಬೇಕು. ತೆರೆದ ಕೂಡಲೇ ಧಗ್ಗೆಂಬ ಸದ್ದು, ಉಷ್ಣತೆಯ ಸೂಜಿ ಚಿಮ್ಮುತ್ತದೆ. 810 ಡಿಗ್ರಿಯಿಂದ ಮೇಲೆ 927ರವರೆಗೆ ಹತ್ತು ಸೆಕೆಂಡು ಮಾತ್ರ ಇರಬಹುದು, 927ರಲ್ಲಿ ಒಂದೇ ಸೆಕೆಂಡು. ವೇಗ ಶೇಕಡ 25 ಮುಟ್ಟುವುದರೊಳಗೆ ತಲೆಯ ಮೇಲಿನ ರೆಕ್ಕೆ ಚಲಿಸಲು ಶುರುವಾಗಿರಬೇಕು. ಎಣ್ಣೆಯ ಒತ್ತಡ ಏರುತ್ತಿರಬೇಕು. ಶೇಕಡ 58ಕ್ಕೆ ಗುಂಡಿ ಬಿಡಬಹುದು, ಇನ್ನು ಇಂಜಿನ್ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಎಲ್ಲ ಸರಿಹೋದರೆ ಇದು ಅರ್ಧ ನಿಮಿಷದ ಕೆಲಸ.

ಸರಿಹೋಗದಿದ್ದರೆ? ಸೂಜಿ ನಿಲ್ಲದೆ ಏರುತ್ತಿದೆ ಅನ್ನಿ. ಮನುಷ್ಯನ ಸಹಜ ಬುದ್ಧಿ ಸುಡುವ ಪಾತ್ರೆಯನ್ನು ಕೈಬಿಟ್ಟ ಹಾಗೆ ಎಲ್ಲವನ್ನೂ ಬಿಟ್ಟುಬಿಡುವುದು. ಇಲ್ಲಿ ಅದೇ ತಪ್ಪು. ಥ್ರಾಟಲ್ ಮುಚ್ಚಬೇಕು, ಆದರೆ ಸ್ಟಾರ್ಟರಿನ ಗುಂಡಿಯನ್ನು ಒತ್ತಿಯೇ ಇರಬೇಕು. ಇಂಧನ ನಿಲ್ಲಬೇಕು, ಗಾಳಿ ನಿಲ್ಲಬಾರದು. ಒಂದೇ ಕೈಯ ಒಂದು ಬೆರಳು ಹಿಡಿದುಕೊಂಡಿರಬೇಕು, ಅಂಗೈ ಬಿಡಬೇಕು. ಸೂಜಿ 800 ದಾಟಿದ ಮೇಲೆ ಇದನ್ನು ಯೋಚಿಸಿ ಮಾಡಲು ಸಮಯವಿರುವುದಿಲ್ಲ. ಅದಕ್ಕೇ ಕಲಿಸುವವರು ಇಂಜಿನ್ ಹೊತ್ತಿಸುವುದಕ್ಕಿಂತ ಹೊತ್ತಿಸುವುದನ್ನು ನಿಲ್ಲಿಸುವುದರ ಮೇಲೆ ಹೆಚ್ಚು ಹೊತ್ತು ಕಳೆಯುತ್ತಾರೆ. ಗುಂಡಿ ಒತ್ತುವ ಮುನ್ನವೇ, ಯಾವ ಅಂಕಿ ಕಂಡರೆ ಕೈಬಿಡುವುದು ಎಂದು ಬಾಯಲ್ಲಿ ಹೇಳಿಕೊಳ್ಳುವುದು ಅನೇಕರ ರೂಢಿ.

ಈಗ ಮತ್ತೆ ಆ ಮೇ ತಿಂಗಳ ಮೈದಾನ. ಪ್ರಚಾರದ ದಿನ ಒಂದೇ ಹೆಲಿಕಾಪ್ಟರ್ ನಾಲ್ಕೈದು ಕಡೆ ಇಳಿಯುತ್ತದೆ. ಪ್ರತಿ ಬಾರಿ ಇಂಜಿನ್ ಆರಿಸಿದರೆ ಪ್ರತಿ ಬಾರಿ ಹೊತ್ತಿಸಬೇಕು. ಒಂದೊಂದು ಸಲವೂ ಬ್ಯಾಟರಿ ಸ್ವಲ್ಪ ಸೊರಗುತ್ತದೆ, ಮುಂದಿನ ಹಾರಾಟ ಚಿಕ್ಕದಾದರೆ ಅದು ಪೂರ್ತಿ ತುಂಬಿಕೊಳ್ಳುವುದಿಲ್ಲ. ಇಂಜಿನ್ನಿನೊಳಗೆ ಹಿಂದಿನ ಬಿಸಿ, ಹೊರಗೆ ಬಿಸಿಲಿನ ಬಿಸಿ. ಹಾಟ್ ಸ್ಟಾರ್ಟಿಗೆ ಬೇಕಾದ ಸಾಮಗ್ರಿಯೆಲ್ಲ ಒಂದೇ ಕಡೆ ಸೇರುವುದು ಹೀಗೆ. ಭಾಷಣ ತಡವಾಗಿ ಮುಗಿದಿರುತ್ತದೆ, ಮುಂದಿನ ಸಭೆಯವರು ಫೋನು ಮಾಡುತ್ತಿರುತ್ತಾರೆ, ಕತ್ತಲಾಗುವುದರೊಳಗೆ ಹೊರಡಬೇಕಿರುತ್ತದೆ. ಬಿಳಿ ಅಂಗಿಯವರೊಬ್ಬರು ಕಿಟಕಿಯ ಬಳಿ ಬಂದು ‘ಚಲಾ, ಚಲಾ’ ಅನ್ನುತ್ತಾರೆ. ಆಗ ವೋಲ್ಟೇಜಿನ ಸೂಜಿ ನೋಡಿ, ನೆಲದ ಬ್ಯಾಟರಿ ಗಾಡಿ ಬರುವವರೆಗೆ ಹೊತ್ತಿಸುವುದಿಲ್ಲ ಎನ್ನುವುದು ಸುಲಭದ ಮಾತಲ್ಲ. ಆ ‘ಇಲ್ಲ’ಕ್ಕೆ ಪ್ರಶಸ್ತಿ ಸಿಗುವುದಿಲ್ಲ. ಏನೂ ಆಗದೆ ಹೋದದ್ದಕ್ಕೆ ಸಾಕ್ಷಿ ಇರುವುದಿಲ್ಲವಾದ್ದರಿಂದ, ವಿನಾಕಾರಣ ತಡಮಾಡಿದ ಎಂಬ ದೂರು ಮಾತ್ರ ಉಳಿಯುತ್ತದೆ.

ಕನ್ನಡ ನೆಲಕ್ಕೆ ಈ ವಿಷಯ ಹೊಸದಲ್ಲ. ಫ್ರಾನ್ಸಿನ ಪರವಾನಗಿಯಲ್ಲಿ ಬೆಂಗಳೂರಿನ ಎಚ್‌ಎಎಲ್ 1960ರ ದಶಕದಿಂದ ಚೇತಕ್, 1970ರ ದಶಕದಿಂದ ಚೀತಾ ಹೆಲಿಕಾಪ್ಟರುಗಳನ್ನು ಕಟ್ಟಿತು, ಅವುಗಳ ಆರ್ಟೂಸ್ಟ್ ಟರ್ಬೈನುಗಳನ್ನೂ. ಇದೇ ಚೀತಾ 1984ರಿಂದ ಸಿಯಾಚಿನ್‌ನ ಸೈನಿಕರ ಜೀವನಾಡಿ. ಅಲ್ಲಿನ ಎತ್ತರದ ಠಾಣ್ಯಗಳಲ್ಲಿ ಪೈಲಟ್‌ಗಳು ಇಂಜಿನ್ ಆರಿಸುವುದೇ ಇಲ್ಲ. ರೆಕ್ಕೆ ತಿರುಗುತ್ತಿರುವಾಗಲೇ ಸೀಮೆಎಣ್ಣೆಯ ಡಬ್ಬ ಇಳಿಸಿ, ಗಾಯಾಳುವನ್ನು ಹತ್ತಿಸಿಕೊಂಡು ಏಳುತ್ತಾರೆ. ತೆಳುಗಾಳಿಯಲ್ಲಿ, ಆ ಚಳಿಯಲ್ಲಿ ಒಮ್ಮೆ ಆರಿದ್ದು ಮತ್ತೆ ಹೊತ್ತೀತೆಂಬ ಭರವಸೆ ಇಲ್ಲ. ಚೀತಾದ ಮೂಲರೂಪವಾದ ಲಾಮಾದಲ್ಲಿ 1972ರ ಜೂನ್ 21ರಂದು ಜ್ಯಾಂ ಬೂಲೆ 12,442 ಮೀಟರ್ ಏರಿ ದಾಖಲೆ ಮಾಡಿದಾಗ ಆದದ್ದೂ ಅದೇ: ಮೇಲೆ ಸೊನ್ನೆಗಿಂತ 63 ಡಿಗ್ರಿ ಕೆಳಗಿನ ಚಳಿಯಲ್ಲಿ ಇಂಜಿನ್ ಆರಿತು, ಮತ್ತೆ ಹೊತ್ತಲಿಲ್ಲ. ಬೀಳುವ ವೇಗದ ಗಾಳಿಯಿಂದಲೇ ರೆಕ್ಕೆ ತಿರುಗಿಸಿಕೊಂಡು ಅವರು ನೆಲದವರೆಗೂ ಇಳಿದರು.

ಚೀತಾದ ಜಾಗಕ್ಕೆಂದು ಎಚ್‌ಎಎಲ್ ರೂಪಿಸಿದ ಒಂದು ಇಂಜಿನ್ನಿನ ಹಗುರ ಹೆಲಿಕಾಪ್ಟರ್ 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಲ್ಲಿ ಮೊದಲು ಹಾರಿತು. ಅದನ್ನು ಲೇಹ್‌ನ ಚಳಿಯಲ್ಲೂ ನಾಗಪುರದ ಸೆಕೆಯಲ್ಲೂ ಪರೀಕ್ಷಿಸಿದರು. ತುಮಕೂರಿನ ಗುಬ್ಬಿ ಬಳಿಯ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕೋಲಾರದ ವೇಮಗಲ್‌ನಲ್ಲಿ ಟಾಟಾ ಜೊತೆ ಸೇರಿ ಏರ್‌ಬಸ್ ಎಚ್125 ಜೋಡಿಸಲಿದೆ. ಇಂಥ ಹೊಸ ಯಂತ್ರಗಳಲ್ಲಿ ಇಂಧನವನ್ನು ಅಳೆದು ಬಿಡುವ ಕೆಲಸ ಕಂಪ್ಯೂಟರಿನದು. ಪೈಲಟ್ ಸ್ವಿಚ್ಚು ತಿರುಗಿಸಿ ನೋಡುತ್ತಿದ್ದರಾಯಿತು. ಹಳಬರು ಇದನ್ನು ಹಗುರವಾಗಿ ನೋಡುವುದುಂಟು. ಅದು ಸರಿಯಲ್ಲ, ಎಷ್ಟೋ ಇಂಜಿನ್ನುಗಳು ಇದರಿಂದ ಉಳಿದಿವೆ. ಆದರೆ ರೆಕ್ಕೆ ಬಾಲಕ್ಕೆ ಕಟ್ಟಿದೆ ಎಂಬುದು ಆ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಟ್ಯಾಂಕಿನ ತಳದ ನೀರೂ, ನಟ್ಟಿನ ಮೇಲಿನ ಮುರಿದ ಗೆರೆಯೂ ಅಷ್ಟೇ.

ಇಳಿದ ಮೇಲೂ ಜೆಟ್‌ರೇಂಜರಿನ ಪೈಲಟ್ ತಕ್ಷಣ ಇಂಜಿನ್ ಆರಿಸುವಂತಿಲ್ಲ. ಥ್ರಾಟಲನ್ನು ಐಡಲ್‌ಗೆ ಇಳಿಸಿ ಎರಡು ನಿಮಿಷ ಓಡಿಸಬೇಕು, ಒಳಗಿನ ಲೋಹ ಸಮನಾಗಿ ತಣಿಯಲಿ ಎಂದು. ಜನರಿಗೆ ತಾಳ್ಮೆ ತೀರಾ ಕಡಿಮೆ ಇರುವುದು ಆ ಎರಡು ನಿಮಿಷದಲ್ಲಿ. ಹಾರ ಹಿಡಿದವರು ಬಾಗಿಲ ಕಡೆ ನುಗ್ಗುತ್ತಾರೆ, ಕೆಲವರು ಹಿಂದಿನಿಂದ ಸುತ್ತಿ ಬರಲು ನೋಡುತ್ತಾರೆ, ಅಲ್ಲಿ ಬಾಲದ ರೋಟರ್ ಕಣ್ಣಿಗೆ ಕಾಣದ ವೇಗದಲ್ಲಿ ತಿರುಗುತ್ತಿರುತ್ತದೆ. 2023ರ ಏಪ್ರಿಲ್‌ನಲ್ಲಿ ಕೇದಾರನಾಥದಲ್ಲಿ ಒಬ್ಬ ಸರ್ಕಾರಿ ಅಧಿಕಾರಿ ಸತ್ತದ್ದು ಅದೇ ರೆಕ್ಕೆಗೆ ಸಿಕ್ಕಿ. ಆದ್ದರಿಂದ ಒಳಗಿದ್ದವನು ಗಡಿಯಾರ ನೋಡುತ್ತಾ ಕೂರುತ್ತಾನೆ, ಹೊರಗಿನವನು ಕೈ ಅಗಲಿಸಿ ಜನರನ್ನು ತಡೆಯುತ್ತಾನೆ. ಎರಡು ನಿಮಿಷ ಕಳೆದು ಥ್ರಾಟಲ್ ಮುಚ್ಚಿದ ಮೇಲೆ ಸಿಳ್ಳು ಇಳಿಯುತ್ತದೆ, ರೆಕ್ಕೆ ನಿಧಾನವಾಗಿ ನಿಲ್ಲುತ್ತದೆ. ಪೈಲಟ್ ಇಳಿದು ಬಂದು, ಮುಂದಿನ ಹಾರಾಟ ಅರ್ಧ ಗಂಟೆಯಲ್ಲೇ ಇದ್ದರೂ, ಬಾಲದಿಂದ ಮೂತಿಯವರೆಗೆ ಮತ್ತೊಂದು ಸುತ್ತು ಹಾಕುತ್ತಾನೆ.