ಎಣಿಸಿ ನೋಡ್ಲಾ!

ತೊಂಬತ್ತರ ದಶಕದ ತಿಪಟೂರಿನಲ್ಲಿ ಅಭಿಪ್ರಾಯಗಳಿಗೆ ಬರವಿರಲಿಲ್ಲ. ಯಾವ ಕಂಪನಿಯ ಟಿವಿ ಬಾಳಿಕೆ ಬರುತ್ತದೆ, ಯಾವ ಅಂಗಡಿಯ ಸಕ್ಕರೆ ತೂಕದಲ್ಲಿ ಕಮ್ಮಿ, ಈ ಸಲ ಯಾರು ಗೆಲ್ಲುತ್ತಾರೆ, ಯಾರ ಡಿಪಾಜಿಟ್ಟು ಹೋಗುತ್ತದೆ ಎನ್ನುವುದಕ್ಕೆಲ್ಲ ಎಲ್ಲರ ಬಾಯಲ್ಲೂ ತೀರ್ಪು ಸಿದ್ಧವಿರುತ್ತಿತ್ತು. ಆದರೆ ಅದು ಕೊಬ್ಬರಿ ಮಾರುಕಟ್ಟೆಯ ಊರು. ಎಣಿಸುವುದು, ತೂಗುವುದು, ತಿರುಗಿ ಎಣಿಸುವುದು ಅಲ್ಲಿನ ಮಕ್ಕಳಿಗೂ ರಕ್ತಗತ. ಹಾಗಾಗಿ ಯಾರಾದರೂ ದೊಡ್ಡ ಮಾತಾಡಿದರೆ ಪಕ್ಕದವನ ಬಾಯಿಂದ ಬರುತ್ತಿದ್ದ ಮೊದಲ ಮಾತು: ‘ಎಣಿಸಿ ನೋಡ್ಲಾ!’

ನಮ್ಮ ವಾದಗಳೆಲ್ಲ ನಡೆಯುತ್ತಿದ್ದದ್ದು ಒಂದು ರೇಡಿಯೊ-ಟಿವಿ ರಿಪೇರಿ ಅಂಗಡಿಯ ಮುಂದೆ. ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಎರಡು ಹಳೆಯ ಟಿವಿ, ಎರಡು ವಿಡಿಯೋ ಗೇಮ್ ಸೆಟ್ಟು, ಕೂರಲು ಮಂಡಿಯೆತ್ತರದ ಬೆಂಚು. ಗಂಟೆಗಿಷ್ಟು ಅಂತ ದುಡ್ಡು. ಗಡಿಯಾರ ಮಾತ್ರ ನಾವೆಲ್ಲ ‘ಅಣ್ಣ’ ಎನ್ನುತ್ತಿದ್ದ ಅಂಗಡಿ ಯಜಮಾನನ ಮೇಜಿನ ಮೇಲೆಯೇ ಇರುತ್ತಿತ್ತು, ನಮಗೆ ಕಾಣದ ಹಾಗೆ. ಅದಕ್ಕೇ ನಮ್ಮಲ್ಲೊಬ್ಬ ಅಪ್ಪನ ಎಚ್‌ಎಂಟಿ ವಾಚು ಕಟ್ಟಿಕೊಂಡು ಬರುತ್ತಿದ್ದ. ‘ಅಣ್ಣ, ಇನ್ನೂ ಐದು ನಿಮಿಷ ಐತೆ’ ಅಂತ ಅವನು ಕೈ ತೋರಿಸಿದರೆ ಅಣ್ಣ ಮರುಮಾತಾಡುತ್ತಿರಲಿಲ್ಲ.

ಆ ಸೆಟ್ಟುಗಳು ಅಸಲಿಯಲ್ಲ. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಆಟದ ಯಂತ್ರದ ನಕಲುಗಳು ಅವು. ಅಸಲಿಯನ್ನು ನಮ್ಮೂರಿನಲ್ಲಿ ಯಾರೂ ಕಣ್ಣಲ್ಲಿ ನೋಡಿರಲಿಲ್ಲ, ಆದ್ದರಿಂದ ನಕಲಿ ಎಂಬ ಬೇಸರವೂ ಇರಲಿಲ್ಲ. ಬೇಸರವಿದ್ದದ್ದು ಕ್ಯಾಸೆಟ್ಟಿನ ಮೇಲೆ. ಹಳದಿ ಬಣ್ಣದ ಆ ಡಬ್ಬಿಯ ಮೇಲೆ ‘9999999 ಇನ್ 1’ ಎಂದು ದಪ್ಪಕ್ಷರದಲ್ಲಿ ಇರುತ್ತಿತ್ತು. ಒಂದು ಕೋಟಿಗೆ ಒಂದೇ ಕಮ್ಮಿ! ರಜೆಯಲ್ಲಿ ಒಂದು ಮಧ್ಯಾಹ್ನ ಕೂತು ಎಣಿಸಿದೆವು. ಮಾರಿಯೊ, ಕಾಂಟ್ರಾ, ಟ್ಯಾಂಕ್, ಐಲ್ಯಾಂಡರ್, ಬಾತುಕೋಳಿ ಹೊಡೆಯುವ ಡಕ್ ಹಂಟ್, ರೋಡ್ ಫೈಟರ್ — ಅಲ್ಲಿಗೆ ಬಹುತೇಕ ಮುಗಿಯಿತು. ಮುಂದಿನದೆಲ್ಲ ಅದೇ ಆಟಗಳು, ಹೆಸರು ಬೇರೆ. ಒಂದರಲ್ಲಿ ಮಾರಿಯೊ ಎರಡನೇ ಹಂತದಿಂದ ಶುರು, ಇನ್ನೊಂದರಲ್ಲಿ ಕಾಂಟ್ರಾದ ಕೈಗೆ ಮೊದಲೇ ಬೇರೆ ಬಂದೂಕು. ಗ್ರಾಹಕ ಹಕ್ಕು ಎಂದರೇನೆಂದು ನಾವು ಕಲಿತ ಮೊದಲ ಪಾಠ ಅದು. ಡಬ್ಬಿಯ ಮೇಲಿನ ಸಂಖ್ಯೆ ಬೇರೆ, ಒಳಗಿನ ಸಂಖ್ಯೆ ಬೇರೆ.

ದೂರು ಕೊಟ್ಟಾಗ ಅಣ್ಣ ನಕ್ಕು, ‘ಅದು ಚೀನಾದೋನು ಬರ್ದಿರೋ ಲೆಕ್ಕ ಕಣ್ರಲಾ, ನಂದಲ್ಲ’ ಅಂದ. ಆಮೇಲೆ ಮಾತ್ರ ಹೊಸ ಕ್ಯಾಸೆಟ್ ತರುವ ಮುಂಚೆ ನಮ್ಮಲ್ಲೊಬ್ಬನನ್ನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಜೊತೆಗೆ ಕರೆದುಕೊಂಡು ಹೋಗತೊಡಗಿದ. ಅಂಗಡಿಯಲ್ಲೇ ಹಾಕಿಸಿ, ಎಣಿಸಿ, ಆಮೇಲೆ ದುಡ್ಡು.

ಆ ಆಟಗಳ ಬಗ್ಗೆ ಇವತ್ತಿಗೂ ನನಗೆ ಗೌರವ ಇರುವುದು ಅವು ಲೆಕ್ಕ ಮುಚ್ಚಿಡುತ್ತಿರಲಿಲ್ಲ ಎಂಬ ಕಾರಣಕ್ಕೆ. ನಾವು ಟ್ಯಾಂಕ್ ಎನ್ನುತ್ತಿದ್ದ ಆಟದ ನಿಜವಾದ ಹೆಸರು ಬ್ಯಾಟಲ್ ಸಿಟಿ. ನಾಮ್ಕೋ ಕಂಪನಿಯದ್ದು, 1985ರದ್ದು. ಪ್ರತಿ ಹಂತಕ್ಕೂ ಶತ್ರುಗಳ ಇಪ್ಪತ್ತು ಟ್ಯಾಂಕು. ಎಷ್ಟು ಬರುವುದು ಬಾಕಿ ಎಂದು ಪರದೆಯ ಬಲಗಡೆ ಪುಟ್ಟ ಗುರುತುಗಳು. ಹಂತ ಮುಗಿದ ಕೂಡಲೇ ಒಂದು ಕಪ್ಪು ಪರದೆ ಬಂದು, ಯಾವ ಜಾತಿಯ ಟ್ಯಾಂಕು ಎಷ್ಟು, ಯಾರು ಹೊಡೆದದ್ದು ಎಷ್ಟು ಎಂದು ಒಂದೊಂದಾಗಿ, ಟಿಕ್ ಟಿಕ್ ಅನ್ನುತ್ತಾ ಎಣಿಸಿ ತೋರಿಸುತ್ತಿತ್ತು. ಇಬ್ಬರು ಆಡಿದರೆ ಇಬ್ಬರ ಲೆಕ್ಕವೂ ಅಕ್ಕಪಕ್ಕ. ‘ನಾನೇ ಜಾಸ್ತಿ ಹೊಡ್ದಿದ್ದು’ ಎನ್ನುವ ಜಗಳಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಕಾಂಟ್ರಾ ಇನ್ನೊಂದು ಥರ. ಅದರಲ್ಲಿ ಜೊತೆಗಾರನ ಜೀವಗಳೆಲ್ಲ ಮುಗಿದರೆ ಅವನು ನಮ್ಮ ಜೀವದಲ್ಲಿ ಒಂದನ್ನು ತೆಗೆದುಕೊಂಡು ಮತ್ತೆ ಆಟಕ್ಕೆ ಬರಬಹುದಿತ್ತು. ಕೇಳದೆ ತೆಗೆದುಕೊಂಡರೆ ಬೆನ್ನಿಗೆ ಗುದ್ದು. ‘ಲೋ, ಒಂದ್ ಲೈಫ್ ಕೊಡ್ಲಾ’ ಅಂತ ಕೇಳಿದರೆ ಇಲ್ಲ ಎನ್ನಲು ಮನಸ್ಸು ಬಾರದು. ಯಾರು ಯಾರಿಗೆ ಎಷ್ಟು ಜೀವ ಬಾಕಿ ಎಂಬ ಲೆಕ್ಕವನ್ನು ಶಾಲೆಯಲ್ಲೂ ಮುಂದುವರಿಸುತ್ತಿದ್ದೆವು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂಬ ಗುಟ್ಟಿನ ಗುಂಡಿಗಳನ್ನು ಒತ್ತಿದರೆ ಮೂವತ್ತು ಜೀವ ಸಿಗುತ್ತದೆ ಎಂಬ ಸುದ್ದಿಯನ್ನು ತುಮಕೂರಿನಿಂದ ಬಂದ ಯಾರದೋ ಚಿಕ್ಕಪ್ಪನ ಮಗ ತಂದಿದ್ದ. ಅವನಿಗೆ ನಮ್ಮಲ್ಲಿ ಸಿಕ್ಕ ಮರ್ಯಾದೆ ಶಾಸಕರಿಗೂ ಸಿಗುತ್ತಿರಲಿಲ್ಲ.

ಬಾತುಕೋಳಿ ಹೊಡೆಯುವ ಬಂದೂಕಿನ ಗುಟ್ಟನ್ನು ಅಣ್ಣನೇ ಬಿಚ್ಚಿ ತೋರಿಸಿದ. ಬಂದೂಕಿನಿಂದ ಏನೂ ಹೊರಗೆ ಹೋಗುವುದಿಲ್ಲ. ಬೆಳಕು ಒಳಗೆ ಬರುತ್ತದೆ. ಕುದುರೆ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗ ಮಾತ್ರ ಬೆಳ್ಳಗಾಗುತ್ತದೆ. ಬಂದೂಕಿನ ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ತಗುಲಿದಂತೆ. ಬಲ್ಬಿನ ಕಡೆ ತಿರುಗಿಸಿ ಮೋಸ ಮಾಡೋಣವೆಂದರೆ, ಕತ್ತಲೆ ಕಾಣಬೇಕಾದ ಹೊತ್ತಿನಲ್ಲೂ ಬೆಳಕೇ ಕಂಡು ಕಳ್ಳಾಟ ಸಿಕ್ಕಿಬೀಳುತ್ತಿತ್ತು. ಈಗಿನ ಚಪ್ಪಟೆ ಟಿವಿಗಳಲ್ಲಿ ಆ ಬಂದೂಕು ಕೆಲಸ ಮಾಡುವುದಿಲ್ಲ. ಚಿತ್ರ ಮೂಡುವ ಬಗೆ ಬೇರೆ, ಮೂಡಲು ಹಿಡಿಯುವ ಹೊತ್ತೂ ಬೇರೆ.

ಅಂಗಡಿಯ ಮುಂಭಾಗದಲ್ಲಿ ದೊಡ್ಡವರ ಸಭೆ. ಅಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು, ಒಬ್ಬರು ಪೋಸ್ಟ್ ಆಫೀಸಿನವರು, ಆಗಾಗ ನನ್ನ ಸೋದರಮಾವ. ಮೇಷ್ಟ್ರಿಗೆ ತೂಕದ ಹುಚ್ಚು. ದಿನಸಿ ಅಂಗಡಿಗೆ ಹೋದರೆ ಕಬ್ಬಿಣದ ತೂಕದ ಕಲ್ಲನ್ನು ಬೋರಲು ಹಾಕಿ, ತಳದ ತೂತಿನಲ್ಲಿ ತುಂಬಿದ ಸೀಸದ ಮೇಲೆ ಇಲಾಖೆಯ ಮುದ್ರೆ ಇದೆಯೇ ಎಂದು ನೋಡುತ್ತಿದ್ದರು. ಗ್ಯಾಸ್ ಸಿಲಿಂಡರ್ ಬಂದರೆ ಬರಿಯ ಸಿಲಿಂಡರಿನ ತೂಕವೆಷ್ಟು ಎಂದು ಅದರ ಕೊರಳಿನ ಹತ್ತಿರ ಬರೆದಿರುವುದನ್ನು ಓದಿ, ಅದಕ್ಕೆ 14.2 ಕಿಲೋ ಕೂಡಿಸಿ, ತೂಗಿಸಿಯೇ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ‘ಮೇಷ್ಟ್ರೇ, ನಿಮ್ಮ ಮನೆಗೆ ಬರೋಕೆ ಭಯ ಆಯ್ತದೆ’ ಎಂದು ಸಿಲಿಂಡರ್ ಹೊತ್ತು ತರುವವನು ಗೊಣಗಿದರೆ, ‘ಭಯ ಇರ್ಲಿ ಕಣಪ್ಪ, ಬಾ, ಕಾಫಿ ಕುಡಿ’ ಎನ್ನುತ್ತಿದ್ದರು. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಿದ್ದನ್ನು ನಮ್ಮ ಬೀದಿಗೆ ತಿಳಿಸಿದವರೇ ಅವರು. ಕೊಂಡ ಕುಕ್ಕರ್ ಕೆಟ್ಟು, ಅಂಗಡಿಯವನು ಗ್ಯಾರಂಟಿ ಕಾರ್ಡಿನಲ್ಲಿ ಮೊಹರಿಲ್ಲ ಎಂದು ಕೈಯೆತ್ತಿದಾಗ ಒಬ್ಬ ಹೆಣ್ಣುಮಗಳಿಗೆ ಅರ್ಜಿ ಬರೆದುಕೊಟ್ಟವರೂ ಅವರೇ. ಅರ್ಜಿ ಕಳಿಸುವ ಮುಂಚೆಯೇ ಹೊಸ ಕುಕ್ಕರ್ ಬಂತು. ಅಂಗಡಿಯವನು ಹೆದರಿದ್ದು ಕಾಯ್ದೆಗಲ್ಲ, ಮೇಷ್ಟ್ರ ಅಕ್ಷರಕ್ಕೆ ಎಂದು ಪೋಸ್ಟ್ ಆಫೀಸಿನವರ ವಾದ.

ಹಳೆಯ ಕಾಲವನ್ನು ಹೊಗಳುವಾಗ ಪೂರ್ತಿ ಸತ್ಯ ಹೇಳಬೇಕು. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಕಾಲವದು. ಗ್ಯಾಸ್ ಕನೆಕ್ಷನ್ನಿಗೂ ಅದೇ ಪಾಡು. ಮಾರುವವನದೇ ದರ್ಬಾರು, ಕೊಳ್ಳುವವನು ಕೈಕಟ್ಟಿ ನಿಲ್ಲಬೇಕು. ಇಂದು ಅದೆಲ್ಲ ಕೂತಲ್ಲೇ ಆಗುತ್ತದೆ, ಮತ್ತು ಅದು ನಿಜವಾದ ಸುಖ.

ಚುನಾವಣೆ ಬಂತೆಂದರೆ ಅಂಗಡಿಯಲ್ಲಿ ರಿಪೇರಿ ನಿಂತೇಹೋಗುತ್ತಿತ್ತು. ಆಗಿನ್ನೂ ಮತಪತ್ರ. ಬಾಣದಂಥ ಗೆರೆಗಳ ಅಡ್ಡಗುರುತಿನ ಠಸ್ಸೆಯನ್ನು ಚಿಹ್ನೆಯ ಮೇಲೆ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕಬೇಕು. ಮಡಚುವುದಕ್ಕೂ ಒಂದು ಕ್ರಮ: ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಇಲ್ಲವಾದರೆ ಹಸಿ ಶಾಯಿ ಇನ್ನೊಬ್ಬನ ಚಿಹ್ನೆಗೆ ಅಂಟಿ ಮತ ಕುಲಗೆಡುವ ಭಯ. ಮೇಷ್ಟ್ರು ನೌಕರಿಯಲ್ಲಿದ್ದಾಗ ಎಣಿಕೆ ಕೆಲಸಕ್ಕೆ ತುಮಕೂರಿಗೆ ಹೋಗಿ ಬಂದವರು. ಕಟ್ಟು ಕಟ್ಟುವುದು, ಅನುಮಾನದ ಚೀಟಿಯನ್ನು ಬೆಳಕಿಗೆ ಹಿಡಿಯುವುದು, ಏಜೆಂಟರ ಕೂಗಾಟ, ಮರುದಿನದವರೆಗೂ ಎಳೆಯುವ ಎಣಿಕೆ. ಇಲ್ಲಿ ನಮಗೆ ಮಾತ್ರ ಹಬ್ಬ: ಫಲಿತಾಂಶಗಳ ನಡುನಡುವೆ ದೂರದರ್ಶನ ಸಿನಿಮಾ ಮೇಲೆ ಸಿನಿಮಾ ಹಾಕುತ್ತಿತ್ತು.

1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಒಂದೇ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳು. ಮತಪತ್ರ ಹೋಗಿ ಪುಸ್ತಕವೇ ಆಗಿತ್ತು. ಅಂಗಡಿಯಲ್ಲಿ ಆ ಸುದ್ದಿ ಓದಿ ಯಾರಿಗೂ ನಂಬಿಕೆ ಬರಲಿಲ್ಲ. ‘ನಮ್ ಕ್ಯಾಸೆಟ್ ಥರಾನೇ ಇರ್ಬೇಕು, ನಾಕೈದು ಜನ ಅಸಲಿ, ಮಿಕ್ಕೋರು ರಿಪೀಟು’ ಎಂದು ನಮ್ಮಲ್ಲೊಬ್ಬ ಅಂದದ್ದಕ್ಕೆ ದೊಡ್ಡವರೂ ನಕ್ಕರು. ಅಭ್ಯರ್ಥಿಗಳ ಸಂಖ್ಯೆ ಹೀಗೆ ಹುಚ್ಚಾಪಟ್ಟೆ ಏರಿದ ಮೇಲೆ ಲೋಕಸಭೆಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು.

ನಮ್ಮ ಗುಂಪಿನ ಬಹುಪಾಲು ಹುಡುಗರು ಮೊದಲ ಮತ ಹಾಕಿದ್ದು 2004ರಲ್ಲಿ. ದೇಶದ ಅಷ್ಟೂ ಲೋಕಸಭಾ ಕ್ಷೇತ್ರಗಳಲ್ಲಿ ಮತಯಂತ್ರ ಬಂದದ್ದು ಆ ವರ್ಷ. ಕರ್ನಾಟಕದಲ್ಲಿ ವಿಧಾನಸಭೆಗೂ ಅದೇ ಹೊತ್ತಿಗೆ ಚುನಾವಣೆ, ಹಾಗಾಗಿ ಎರಡೆರಡು ಯಂತ್ರ. ಯಂತ್ರ ಮಾಡುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್; ಬೆರಳಿಗೆ ಹಚ್ಚುವ ಶಾಯಿ 1962ರಿಂದಲೂ ಮೈಸೂರಿನ ಬಣ್ಣದ ಕಾರ್ಖಾನೆಯದ್ದು. ಆ ಹೆಮ್ಮೆ ಒಂದು ಕಡೆ. ಇನ್ನೊಂದು ಕಡೆ, ಗುಂಡಿ ಒತ್ತುವುದರಲ್ಲಿ ಪಳಗಿದ ನಮ್ಮ ಹೆಬ್ಬೆರಳುಗಳಿಗೆ ಅದೊಂದು ಆಟದಂತೆಯೇ ಕಂಡಿತು. ದೀಪ ಹತ್ತಿತು, ‘ಬೀಪ್’ ಅಂದಿತು, ಮುಗಿಯಿತು.

ಆ ಸಂಜೆಯ ವಾದ ನಾನು ಕೇಳಿದ ವಾದಗಳಲ್ಲೆಲ್ಲ ಒಳ್ಳೆಯದು. ಅಣ್ಣ ಯಂತ್ರದ ಪರ. ‘ಕುಲಗೆಟ್ಟ ಮತ ಅನ್ನೋದೇ ಇಲ್ಲ, ಪೆಟ್ಟಿಗೆ ಹೊತ್ಕೊಂಡು ಓಡಿ ಠಸ್ಸೆ ಒತ್ತೋ ಪುಂಡರ ಆಟವೂ ನಡೆಯಲ್ಲ, ಎಣಿಕೆ ಒಂದೊತ್ತಿನ ಕೆಲಸ’ ಎಂದ. ಮೇಷ್ಟ್ರು ಒಪ್ಪಿದರು, ಆದರೆ ಪೂರ್ತಿಯಲ್ಲ. ‘ನಿನ್ನ ಟ್ಯಾಂಕ್ ಆಟ ಹಂತ ಮುಗಿದ ಮೇಲೆ ಒಂದೊಂದೂ ಎಣಿಸಿ ತೋರಿಸ್ತದಲ್ಲಪ್ಪ, ಇದು ಒಂದೇ ಮೊತ್ತ ಹೇಳ್ತದೆ. ನನ್ನ ಮತ ಎಲ್ಲಿಗೆ ಹೋಯ್ತು ಅಂತ ನಾನು ಹೇಗೆ ನೋಡ್ಲಿ?’ ಎಂದರು. ಅವರು ಯಂತ್ರದ ಮೇಲೆ ಆರೋಪ ಹೊರಿಸಿದ್ದಲ್ಲ, ಕೇಳಿದ್ದು ಲೆಕ್ಕ. ಅಂಥದ್ದೇ ಪ್ರಶ್ನೆಯನ್ನು ದೇಶದಲ್ಲಿ ಅನೇಕರು ಕೇಳಿದರು. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ವಿವಿಪ್ಯಾಟ್ ಬಂತು: ಗುಂಡಿ ಒತ್ತಿದ ಮೇಲೆ ಗಾಜಿನ ಹಿಂದೆ ಏಳು ಸೆಕೆಂಡು ಕಾಣುವ ಚೀಟಿ. 2019ರಲ್ಲಿ ಸುಪ್ರೀಂ ಕೋರ್ಟು ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡಬೇಕೆಂದಿತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು 2024ರಲ್ಲಿ ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಮೇಷ್ಟ್ರು ಇರಲಿಲ್ಲ. ಇದ್ದಿದ್ದರೆ ಏಳು ಸೆಕೆಂಡನ್ನೂ ವಾಚು ಹಿಡಿದು ಎಣಿಸುತ್ತಿದ್ದರು.

ನಾನು ಕಳೆದುಕೊಂಡಿದ್ದೇನೆ ಅನಿಸುವುದು ಆ ಸೆಟ್ಟುಗಳನ್ನಲ್ಲ. ಆ ಆಟಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ, ಕಿಸೆಗೆ ಹಿಡಿಸುವ ಪುಟ್ಟ ಯಂತ್ರಗಳಲ್ಲೂ ಸಿಗುತ್ತವೆ. ಕೊರತೆಯಿರುವುದು ಆ ಬೆಂಚಿನದು, ಅದರ ಮೇಲೆ ಕೂತು ‘ತೋರಿಸು’ ಎನ್ನುತ್ತಿದ್ದವರದು. ಈಗ ಅಭಿಪ್ರಾಯ ಮೊದಲು ಬರುತ್ತದೆ, ಎಣಿಕೆ ಬರುವುದೇ ಇಲ್ಲ. ಮತಯಂತ್ರ ಮೋಸ ಎನ್ನುವವನೂ ಬೂತಿನ ಲೆಕ್ಕ ನೋಡಿರುವುದಿಲ್ಲ, ಮೋಸವೇ ಇಲ್ಲ ಎನ್ನುವವನೂ ನೋಡಿರುವುದಿಲ್ಲ. ಆನ್‌ಲೈನಿನಲ್ಲಿ ತೋರಿಸಿದ ಬೆಲೆ ಒಂದು, ಕೊನೆಯ ಪುಟದಲ್ಲಿ ಸೇರುವ ಅದೂ ಇದೂ ಶುಲ್ಕ ಒಂದು. ಬೆರಳು ಒತ್ತಿ ಮುಂದೆ ಹೋಗುತ್ತೇವೆ. ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, ಬೆಲೆಯನ್ನು ತುಣುಕು ತುಣುಕಾಗಿ ಬಿಚ್ಚುವುದು ಸೇರಿದಂತೆ ಇಂಥ ಹದಿಮೂರು ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲೇ ನಿಷೇಧಿಸಿದೆ. ಕೋಟಿ ಆಟಗಳ ಕ್ಯಾಸೆಟ್ಟು ಹೋಗಿಲ್ಲ, ವೇಷ ಬದಲಿಸಿದೆ ಅಷ್ಟೆ.

ಆದ್ದರಿಂದ ಆ ಕಾಲವನ್ನು ನೆನೆದು ನಿಟ್ಟುಸಿರು ಬಿಡುವ ನನ್ನ ಓರಗೆಯವರಿಗೆ ಒಂದು ಮಾತು. ಮುಂದಿನ ಸಲ ಮತ ಹಾಕುವಾಗ ಗುಂಡಿ ಒತ್ತಿ ಓಡಬೇಡಿ; ಏಳು ಸೆಕೆಂಡು ನಿಂತು ಚೀಟಿ ನೋಡಿ. ನೀವು ಮತಗಟ್ಟೆಯ ಏಜೆಂಟರಾದರೆ ಬೆಳಗಿನ ಅಣಕು ಮತದಾನಕ್ಕೆ ಹೊತ್ತಿಗೆ ಸರಿಯಾಗಿ ಹೋಗಿ, ಸಂಜೆ ನಮೂನೆ 17ಸಿಯ ಪ್ರತಿ ಪಡೆಯದೆ ಹೊರಬರಬೇಡಿ. ಆ ಮತಗಟ್ಟೆಯಲ್ಲಿ ಒಟ್ಟು ಎಷ್ಟು ಮತ ಬಿತ್ತೆಂಬ ಲೆಕ್ಕ ಅದರಲ್ಲಿರುತ್ತದೆ. ಸಿಲಿಂಡರ್ ಬಂದರೆ ತೂಗಿಸಿ. ಬಿಲ್ಲಿನ ಕೊನೆಯ ಸಾಲಿನ ತನಕ ಓದಿ. ಸರಿಕಾಣದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಐದು ಲಕ್ಷದವರೆಗಿನ ದೂರಿಗೆ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. ಇಷ್ಟನ್ನು ನೀವು ಮಾಡುವಾಗ ಮನೆಯ ಮಕ್ಕಳು ಪಕ್ಕದಲ್ಲಿರಲಿ.